ಸುಮ್ಮನಿದ್ದರೂ ಸವೆಯುವ ಬ್ಯಾಟರಿ

ಮೊಬೈಲ್ ಬ್ಯಾಟರಿಯ ವಿಚಾರದಲ್ಲಿ ಅಭಿಪ್ರಾಯವಿಲ್ಲದವರು ಸಿಗುವುದು ಅಪರೂಪ. ನೂರು ಆದ ಮೇಲೂ ಚಾರ್ಜಿಗೆ ಬಿಟ್ಟರೆ ಬ್ಯಾಟರಿ ಹಾಳು ಎನ್ನುತ್ತಾರೆ ಒಬ್ಬರು. ಪೂರ್ತಿ ಖಾಲಿಯಾದ ಮೇಲೇ ಹಾಕಬೇಕು ಎನ್ನುತ್ತಾರೆ ಇನ್ನೊಬ್ಬರು. ಮೊದಲ ಸಲ ಎಂಟು ಗಂಟೆ ಚಾರ್ಜ್ ಕೊಡಿ ಎಂದು ಹೇಳಿಯೇ ಹೊಸ ಫೋನನ್ನು ಕೈಗಿಡುತ್ತಿದ್ದ ಅಂಗಡಿಗಳೂ ಇದ್ದವು. ಇವುಗಳಲ್ಲಿ ಕೆಲವು ಮಾತು ಅರ್ಧ ನಿಜ, ಕೆಲವು ಬೇರೊಂದು ಬಗೆಯ ಬ್ಯಾಟರಿಗೆ ನಿಜವಾಗಿದ್ದವು. ಖಾಲಿ ಮಾಡಿ ತುಂಬಿಸುವ ಸಲಹೆ ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು; ಆ ಬ್ಯಾಟರಿ ಹೋಯಿತು, ಸಲಹೆ ಉಳಿಯಿತು.

ಆದರೆ ಒಂದು ಅನುಭವ ಎಲ್ಲರದ್ದೂ. ಹೊಸದರಲ್ಲಿ ಬೆಳಿಗ್ಗೆ ಚಾರ್ಜಿನಿಂದ ತೆಗೆದ ಫೋನು ರಾತ್ರಿ ಮಲಗುವವರೆಗೂ ಬರುತ್ತಿತ್ತು. ಎರಡು-ಮೂರು ವರ್ಷ ಕಳೆದ ಮೇಲೆ ಅದೇ ಫೋನು ಸಂಜೆ ಕಾಫಿ ಹೊತ್ತಿಗೆ ಕೆಂಪು ಗೆರೆಗೆ ಇಳಿಯುತ್ತದೆ. ಬೆಳಿಗ್ಗೆ ಮಾತ್ರ ಅದು ಈಗಲೂ 100 ಎಂದೇ ತೋರಿಸುತ್ತದೆ.

ಬಳಸಿ ಬಳಸಿ ಸವೆದಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಸವೆಯಬೇಕಾದರೆ ಏನಾದರೂ ಉಜ್ಜಬೇಕು, ತಿರುಗಬೇಕು, ಸೋರಬೇಕು. ಬ್ಯಾಟರಿಯೊಳಗೆ ತಿರುಗುವ ಭಾಗವೇ ಇಲ್ಲ. ಅದನ್ನು ಸುತ್ತಲೂ ಮುಚ್ಚಿ ಬೆಸೆದಿರುತ್ತಾರೆ, ಒಳಗಿನದು ಹೊರಗೆ ಬರುವುದಿಲ್ಲ. ಇನ್ನೂ ಕಷ್ಟದ ಪ್ರಶ್ನೆ ಬೀರುವಿನಲ್ಲಿದೆ. ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ, ಬಟ್ಟೆಯ ನಡುವೆ ಜೋಪಾನವಾಗಿ ಇಟ್ಟಿದ್ದ ಹಳೆಯ ಫೋನನ್ನು ಎರಡು ವರ್ಷ ಬಿಟ್ಟು ತೆಗೆದು ನೋಡಿ. ಒಮ್ಮೆಯೂ ಬಳಸದೆ ಅದೂ ಸೊರಗಿರುತ್ತದೆ. ಏನೂ ಮಾಡದ ಬ್ಯಾಟರಿ ಯಾಕೆ ಮುಪ್ಪಾಗಬೇಕು?

ಎರಡು ಬದಿ, ನಡುವೆ ದ್ರವ

ಫೋನಿನ ಬ್ಯಾಟರಿ ಎಂದರೆ ತೆಳ್ಳನೆಯ ಉದ್ದ ಹಾಳೆಗಳ ಸುರುಳಿ ಅಥವಾ ಮಡಿಕೆ. ಒಂದು ತಾಮ್ರದ ಹಾಳೆ, ಅದರ ಮೇಲೆ ಗ್ರಾಫೈಟಿನ ಕಪ್ಪು ಲೇಪ. ಇನ್ನೊಂದು ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಲಿಥಿಯಂ ಮತ್ತು ಕೋಬಾಲ್ಟ್ ಸೇರಿದ ಆಕ್ಸೈಡಿನ ಲೇಪ. ಇವೆರಡೂ ಒಂದಕ್ಕೊಂದು ತಾಗದಂತೆ ನಡುವೆ ಸಣ್ಣ ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ಕಿನ ತಡೆಹಾಳೆ. ಎಲ್ಲವೂ ಒಂದು ದ್ರವದಲ್ಲಿ ನೆಂದಿರುತ್ತವೆ. ಈ ದ್ರವ ನೀರಲ್ಲ. ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ಸಾವಯವ ದ್ರಾವಕ, ಅದರಲ್ಲಿ ಕರಗಿಸಿದ ಲಿಥಿಯಂ ಲವಣ.

ಚಾರ್ಜ್ ಹಾಕಿದಾಗ ಲಿಥಿಯಂ ಅಯಾನುಗಳು ಆಕ್ಸೈಡ್ ಬದಿಯನ್ನು ಬಿಟ್ಟು, ದ್ರವವನ್ನು ದಾಟಿ, ಗ್ರಾಫೈಟ್ ಬದಿಗೆ ಬರುತ್ತವೆ. ಎಲೆಕ್ಟ್ರಾನುಗಳಿಗೆ ದ್ರವದೊಳಗೆ ದಾರಿಯಿಲ್ಲ, ಅವು ಹೊರಗಿನ ತಂತಿಯಲ್ಲಿ ಸುತ್ತಿ ಬರುತ್ತವೆ. ಗ್ರಾಫೈಟಿನಲ್ಲಿ ಕಾರ್ಬನ್ ಪರಮಾಣುಗಳು ಹಾಳೆ ಹಾಳೆಯಾಗಿ ಕೂತಿರುವುದರಿಂದ ಆ ಹಾಳೆಗಳ ಸಂದಿನಲ್ಲಿ ಲಿಥಿಯಂ ಸೇರಿಕೊಳ್ಳುತ್ತದೆ. ಪೂರ್ತಿ ತುಂಬಿದಾಗ ಆರು ಕಾರ್ಬನ್‌ಗೆ ಒಂದು ಲಿಥಿಯಂ. ಫೋನ್ ಬಳಸುವಾಗ ಈ ಪಯಣ ತಿರುಗಿ ನಡೆಯುತ್ತದೆ. ಎಲೆಕ್ಟ್ರಾನುಗಳು ಫೋನಿನ ಮೂಲಕ ಹಾದು ಹೋಗುವಾಗಲೇ ನಿಮ್ಮ ಪರದೆ ಬೆಳಗುತ್ತದೆ, ಹಾಡು ಕೇಳುತ್ತದೆ.

ಕಾಗದದ ಮೇಲೆ ಇದು ಎಷ್ಟು ಸಲ ಬೇಕಾದರೂ ನಡೆಯಬಹುದಾದ ಓಡಾಟ. ಹೋದದ್ದೆಲ್ಲ ಬಂದರೆ ಬ್ಯಾಟರಿಗೆ ವಯಸ್ಸೇ ಆಗಬಾರದು. ಅಂದರೆ ಎಲ್ಲೋ ಕೆಲವು ಲಿಥಿಯಂ ಅಯಾನುಗಳು ಹೋದವು ಬರುತ್ತಿಲ್ಲ.

ಗ್ರಾಫೈಟಿಗೆ ಬಂದ ದಾರಿ

ಈ ಏರ್ಪಾಡು ಒಬ್ಬರ ತಲೆಯಲ್ಲಿ ಒಂದು ದಿನ ಹೊಳೆದದ್ದಲ್ಲ. 1970ರ ದಶಕದಲ್ಲಿ ಎಕ್ಸಾನ್ ತೈಲ ಕಂಪನಿಯ ಪ್ರಯೋಗಾಲಯದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಕಟ್ಟಿದ ಬ್ಯಾಟರಿಯಲ್ಲಿ ಒಂದು ಬದಿಗೆ ಲಿಥಿಯಂ ಲೋಹವೇ ಇತ್ತು. ಅದು ಶಕ್ತಿಯುತ, ಅಷ್ಟೇ ಅಪಾಯಕಾರಿ. ಚಾರ್ಜ್ ಆಗುತ್ತ ಆಗುತ್ತ ಲೋಹದ ಮೇಲೆ ಸೂಜಿಯಂಥ ಮುಳ್ಳುಗಳು ಎದ್ದು, ಎದುರು ಬದಿಗೆ ತಾಗಿ, ಬೆಂಕಿ ಹೊತ್ತುತ್ತಿತ್ತು. ಲಿಥಿಯಂ ಲೋಹದ ಬ್ಯಾಟರಿಗಳನ್ನು ಮಾರುಕಟ್ಟೆಗೂ ತಂದಿದ್ದ ಕೆನಡಾದ ಮೋಲಿ ಎನರ್ಜಿ ಕಂಪನಿ ಅವು ಹೊತ್ತಿಕೊಂಡದ್ದರಿಂದ 1989ರಲ್ಲಿ ವಾಪಸ್ ಕರೆಸಿಕೊಳ್ಳಬೇಕಾಯಿತು.

1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದ ಜಾನ್ ಗುಡ್‌ಇನಫ್ ಮತ್ತು ಅವರ ಜೊತೆಗಾರರು ಕೋಬಾಲ್ಟ್ ಆಕ್ಸೈಡಿನ ಬದಿಯನ್ನು ತೋರಿಸಿಕೊಟ್ಟರು. ಜಪಾನಿನ ಅಕಿರಾ ಯೋಶಿನೊ 1985ರ ಹೊತ್ತಿಗೆ ಲೋಹವನ್ನು ಕೈಬಿಟ್ಟು ಕಾರ್ಬನ್ ವಸ್ತುವನ್ನು ಎದುರು ಬದಿಗೆ ಹಾಕಿದರು. ಆಮೇಲೆ ಅವರು ಮಾಡಿದ ಪರೀಕ್ಷೆ ಬಹಳ ಸರಳ: ಬ್ಯಾಟರಿಯ ಮೇಲೆ ಭಾರದ ಕಬ್ಬಿಣದ ತುಂಡನ್ನು ಬೀಳಿಸಿದರು. ಏನೂ ಆಗಲಿಲ್ಲ. ಲಿಥಿಯಂ ಲೋಹವಿದ್ದ ಬ್ಯಾಟರಿಯ ಮೇಲೆ ಬೀಳಿಸಿದರು. ಅದು ಸಿಡಿಯಿತು. 1991ರಲ್ಲಿ ಸೋನಿ ಲಿಥಿಯಂ-ಅಯಾನು ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಗುಡ್‌ಇನಫ್‌ಗೆ 97 ವರ್ಷ. ನೊಬೆಲ್ ಪಡೆದವರಲ್ಲೇ ಅವರು ಅತಿ ಹಿರಿಯರು.

ಆದರೆ ಆ ಕಾರ್ಬನ್ ಇನ್ನೂ ಗ್ರಾಫೈಟ್ ಆಗಿರಲಿಲ್ಲ, ಪೆಟ್ರೋಲಿಯಂ ಕೋಕ್ ಆಗಿತ್ತು. ಗ್ರಾಫೈಟಿನಲ್ಲಿ ಹೆಚ್ಚು ಲಿಥಿಯಂ ಹಿಡಿಯುತ್ತದೆಂದು ಗೊತ್ತಿದ್ದರೂ ಅದನ್ನು ಹಾಕಿದರೆ ಮೊದಲ ಚಾರ್ಜಿನಲ್ಲೇ ಪದರಗಳು ಬಿಚ್ಚಿಕೊಂಡು ಪುಡಿಯಾಗುತ್ತಿತ್ತು. ಆಗ ಬಳಕೆಯಲ್ಲಿದ್ದ ದ್ರವ ಪ್ರೊಪಿಲೀನ್ ಕಾರ್ಬೊನೇಟ್. ಅದರ ಬದಲು ಎಥಿಲೀನ್ ಕಾರ್ಬೊನೇಟ್ ಹಾಕಿದರೆ ಗ್ರಾಫೈಟ್ ಗಟ್ಟಿಯಾಗಿ ನಿಲ್ಲುತ್ತದೆಂದು ಕೆನಡಾದ ಜೆಫ್ ಡಾನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಎರಡು ದ್ರವಗಳ ಅಣುವಿಗೆ ಇರುವ ವ್ಯತ್ಯಾಸ ಒಂದು ಕಾರ್ಬನ್, ಅದಕ್ಕಂಟಿದ ಎರಡು ಹೈಡ್ರೋಜನ್. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ಇದು. ನೊಬೆಲ್ ಕಥೆಗಳಲ್ಲಿ ಇದಕ್ಕೆ ಸಿಗುವ ಜಾಗ ತೀರ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಫಲ ಸಿಕ್ಕಿದ್ದಾದರೂ ಹೇಗೆ ಎಂದು ಕೇಳಿದರೆ ನಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಹೊಸ ಕಾವಲಿ, ಮೊದಲ ದೋಸೆ

ಕಬ್ಬಿಣದ ಹೊಸ ದೋಸೆ ಕಾವಲಿಯನ್ನು ತಂದ ದಿನವೇ ಯಾರೂ ದೋಸೆ ಹುಯ್ಯುವುದಿಲ್ಲ. ತೊಳೆದು, ಕಾಯಿಸಿ, ಎಣ್ಣೆ ಹಚ್ಚಿ, ಮತ್ತೆ ಕಾಯಿಸುತ್ತಾರೆ. ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಾರೆ. ಇಷ್ಟಾದರೂ ಮೊದಲ ದೋಸೆ ಏಳುವುದಿಲ್ಲ. ಮೊಗಚೆಕಾಯಲ್ಲಿ ಕೆರೆದು ತೆಗೆದದ್ದು ಮುದ್ದೆಯಾಗಿ ಬರುತ್ತದೆ. ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಕಾವಲಿ ಪಳಗುತ್ತದೆ. ಬಿಸಿಗೆ ಎಣ್ಣೆ ಬದಲಾಗಿ, ಕಬ್ಬಿಣಕ್ಕೆ ಅಂಟಿಕೊಂಡು, ನುಣುಪಾದ ಕಪ್ಪು ಪೊರೆಯಾಗಿರುತ್ತದೆ. ಆಮೇಲೆ ಹಿಟ್ಟು ನೇರವಾಗಿ ಕಬ್ಬಿಣಕ್ಕೆ ತಾಗುವುದಿಲ್ಲ, ಶಾಖ ಮಾತ್ರ ಪೊರೆಯ ಮೂಲಕ ದಾಟಿ ಬರುತ್ತದೆ.

ಬ್ಯಾಟರಿಯ ಒಳಗೂ ಹೀಗೊಂದು ಪಳಗುವಿಕೆ ನಡೆಯುತ್ತದೆ. ಲಿಥಿಯಂ ತುಂಬಿಕೊಂಡ ಗ್ರಾಫೈಟಿನ ಸ್ವಭಾವ ಹೆಚ್ಚುಕಡಿಮೆ ಲಿಥಿಯಂ ಲೋಹದಷ್ಟೇ ಉಗ್ರ. ತನ್ನನ್ನು ಮುಟ್ಟಿದ್ದಕ್ಕೆಲ್ಲ ಎಲೆಕ್ಟ್ರಾನ್ ದಾಟಿಸಲು ತುದಿಗಾಲಲ್ಲಿ ನಿಂತಿರುತ್ತದೆ. ಅದನ್ನು ಸದಾ ಮುಟ್ಟಿಕೊಂಡೇ ಇರುವ ದ್ರವಕ್ಕೆ ಇದನ್ನು ತಾಳುವ ಶಕ್ತಿಯಿಲ್ಲ. ಗ್ರಾಫೈಟಿನ ಮೈಗೆ ತಾಗಿದ ದ್ರವದ ಅಣುಗಳು ಒಡೆದು ಚೂರಾಗುತ್ತವೆ. ಆ ಚೂರುಗಳು ಅಲ್ಲೇ ಸುಳಿದಾಡುವ ಲಿಥಿಯಂ ಜೊತೆ ಸೇರಿ ಘನವಾಗುತ್ತವೆ. ಲಿಥಿಯಂ ಕಾರ್ಬೊನೇಟ್, ಲಿಥಿಯಂ ಫ್ಲೋರೈಡ್ ಮೊದಲಾದ ಪುಡಿಗಳು ಒಂದಕ್ಕೊಂದು ಹೆಣೆದುಕೊಂಡು ಗ್ರಾಫೈಟಿನ ಮೇಲೆ ಪೊರೆ ಕಟ್ಟುತ್ತವೆ. ಪೊರೆಯ ದಪ್ಪ ಕೆಲವು ಹತ್ತು ನ್ಯಾನೊಮೀಟರ್. ಪೊರೆ ಕಟ್ಟಿತೆಂದರೆ ದ್ರವ ಗ್ರಾಫೈಟನ್ನು ಮುಟ್ಟಲಾರದು, ಎಲೆಕ್ಟ್ರಾನು ಹೊರಗೆ ನುಸುಳಲಾರದು. ಪುಟ್ಟ ಲಿಥಿಯಂ ಅಯಾನು ಮಾತ್ರ ಒಳಕ್ಕೂ ಹೊರಕ್ಕೂ ದಾಟಬಲ್ಲದು.

ಇದನ್ನು ಕಾಪುಪೊರೆ ಎನ್ನೋಣ. ಟೆಲ್ ಅವೀವ್ ವಿಶ್ವವಿದ್ಯಾಲಯದ ಇಮ್ಯಾನುಯೆಲ್ ಪೆಲೆಡ್ 1979ರಲ್ಲಿ ಲಿಥಿಯಂ ಲೋಹದ ಮೇಲಿನ ಇಂಥ ಪೊರೆಯನ್ನು ವಿವರಿಸಿ ಎಸ್‌ಇಐ ಎಂಬ ಹೆಸರು ಕೊಟ್ಟರು. ಬ್ಯಾಟರಿಯವರ ಬಾಯಲ್ಲಿ ಇಂದಿಗೂ ಅದೇ ಹೆಸರು. ಎಥಿಲೀನ್ ಕಾರ್ಬೊನೇಟ್ ಗೆದ್ದದ್ದು ಅದು ಒಡೆಯುವುದಿಲ್ಲ ಎಂಬ ಕಾರಣಕ್ಕಲ್ಲ. ಅದೂ ಒಡೆಯುತ್ತದೆ, ಆದರೆ ಒಡೆದ ಚೂರುಗಳಿಂದ ಗಟ್ಟಿ ಪೊರೆ ಕಟ್ಟುತ್ತದೆ. ಪ್ರೊಪಿಲೀನ್ ಕಾರ್ಬೊನೇಟಿನ ಚೂರುಗಳಿಂದ ಪೊರೆ ನಿಲ್ಲುವುದಿಲ್ಲ. ದ್ರವ ಲಿಥಿಯಂ ಜೊತೆ ಪದರಗಳ ಒಳಗೇ ನುಗ್ಗಿ ಗ್ರಾಫೈಟನ್ನು ಸುಲಿದುಬಿಡುತ್ತದೆ.

ಪಳಗಿಸುವ ಈ ಕೆಲಸ ಕಾರ್ಖಾನೆಯಲ್ಲೇ ಮುಗಿಯುತ್ತದೆ. ಹೊಸದಾಗಿ ಕಟ್ಟಿದ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಬಹಳ ನಿಧಾನಕ್ಕೆ ಮೊದಲ ಚಾರ್ಜ್ ಕೊಡುತ್ತಾರೆ. ಬ್ಯಾಟರಿ ತಯಾರಿಕೆಯಲ್ಲಿ ಹೆಚ್ಚು ಹೊತ್ತು ತಿನ್ನುವ ಹಂತಗಳಲ್ಲಿ ಇದೂ ಒಂದು. ಹಾಗಾಗಿ ಮನೆಗೆ ತಂದ ಹೊಸ ಫೋನಿಗೆ ಮತ್ತೆ ಎಂಟು ಗಂಟೆಯ ವ್ರತ ಬೇಕಿಲ್ಲ. ಆ ಮೊದಲ ಚಾರ್ಜಿನಲ್ಲಿ ಒಳಗಿರುವ ಲಿಥಿಯಮ್ಮಿನ ಸುಮಾರು ಶೇ. 5ರಿಂದ 10 ಭಾಗ ಪೊರೆಗೆ ಸೇರಿಹೋಗುತ್ತದೆ. ಅಷ್ಟು ಲಿಥಿಯಂ ಮತ್ತೆ ಓಡಾಟಕ್ಕೆ ಸಿಗುವುದಿಲ್ಲ. ಅದು ಕಾವಲಿಗೆ ಹೋದ ಮೊದಲ ದೋಸೆ.

ಬೆಳೆಯುತ್ತಲೇ ಇರುವ ಪೊರೆ

ಪೊರೆ ಅಲ್ಲಿಗೇ ನಿಂತಿದ್ದರೆ ಬ್ಯಾಟರಿ ಹತ್ತಾರು ವರ್ಷ ಬಾಳುತ್ತಿತ್ತು. ನಿಲ್ಲದಿರುವುದಕ್ಕೆ ಎರಡು ಕಾರಣ.

ಲಿಥಿಯಂ ತುಂಬಿದಾಗ ಗ್ರಾಫೈಟ್ ಸುಮಾರು ಶೇ. 10ರಷ್ಟು ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಮೇಲಿನ ಪೊರೆ ರಬ್ಬರಿನಂತೆ ಹಿಗ್ಗುವಂಥದ್ದಲ್ಲ, ಅಲ್ಲಲ್ಲಿ ಬಿರುಕು ಬಿಡುತ್ತದೆ. ಕಬ್ಬಿಣದ ನಾರಿನಲ್ಲಿ ತಿಕ್ಕಿದ ಕಾವಲಿಯಲ್ಲಿ ಮತ್ತೆ ದೋಸೆ ಹಿಡಿದುಕೊಳ್ಳುವ ಹಾಗೆ, ಬಿರುಕಿನಲ್ಲಿ ಇಣುಕಿದ ಗ್ರಾಫೈಟಿಗೆ ದ್ರವ ತಾಗುತ್ತದೆ, ಒಡೆಯುತ್ತದೆ, ಅಲ್ಲೊಂದು ಹೊಸ ತೇಪೆ ಬೀಳುತ್ತದೆ. ಪ್ರತಿ ತೇಪೆಗೂ ಒಂದಿಷ್ಟು ಲಿಥಿಯಂ ಖರ್ಚು. ಬಳಸಿದರೆ ಸವೆಯುವುದು ಹೀಗೆ.

ಎರಡನೆಯದು ಬೀರುವಿನಲ್ಲಿಟ್ಟ ಫೋನಿನ ಪ್ರಶ್ನೆಗೆ ಉತ್ತರ. ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಪೊರೆ ಎಲೆಕ್ಟ್ರಾನುಗಳನ್ನು ಪೂರ್ತಿ ತಡೆಯಲಾರದು. ಫೋನು ಆಫ್ ಆಗಿದ್ದರೂ ಒಂದೊಂದೇ ಎಲೆಕ್ಟ್ರಾನು ಅದರ ಮೂಲಕ ನುಸುಳಿ, ಆಚೆ ಕಡೆಯ ದ್ರವವನ್ನು ಒಡೆದು, ಪೊರೆಗೆ ಕೂದಲೆಳೆಗಿಂತ ಎಷ್ಟೋ ತೆಳುವಾದ ಇನ್ನೊಂದು ಪದರ ಸೇರಿಸುತ್ತದೆ. ಪೊರೆ ದಪ್ಪವಾದಂತೆಲ್ಲ ನುಸುಳುವುದು ಕಷ್ಟವಾಗುವುದರಿಂದ ಬೆಳವಣಿಗೆ ಬರುಬರುತ್ತ ನಿಧಾನವಾಗುತ್ತದೆ. ಸುಮ್ಮನಿಟ್ಟ ಬ್ಯಾಟರಿ ಮೊದಲ ವರ್ಷ ಕಳೆದುಕೊಳ್ಳುವಷ್ಟನ್ನು ಎರಡನೆಯ ವರ್ಷ ಕಳೆದುಕೊಳ್ಳದಿರುವುದು ಇದರಿಂದಲೇ.

ದಪ್ಪವಾದ ಪೊರೆಯಿಂದ ಇನ್ನೊಂದು ನಷ್ಟವೂ ಇದೆ. ವರ್ಷಗಟ್ಟಲೆ ಜಿಡ್ಡು ಗಟ್ಟಿದ ಕಾವಲಿ ಬೇಗ ಕಾಯುವುದಿಲ್ಲ. ಹಾಗೆಯೇ ದಪ್ಪ ಪೊರೆಯನ್ನು ದಾಟಲು ಅಯಾನುಗಳಿಗೆ ಹೊತ್ತು ಹಿಡಿಯುತ್ತದೆ. ಕ್ಯಾಮೆರಾ ತೆರೆದಾಗ ಫೋನು ಥಟ್ಟನೆ ಹೆಚ್ಚು ಕರೆಂಟು ಕೇಳುತ್ತದೆ, ಬ್ಯಾಟರಿಗೆ ಅಷ್ಟು ಬೇಗ ಕೊಡಲಾಗುವುದಿಲ್ಲ, ವೋಲ್ಟೇಜ್ ಕುಸಿಯುತ್ತದೆ. ಶೇ. 20 ತೋರಿಸುತ್ತಿದ್ದ ಹಳೆಯ ಫೋನು ಫೋಟೊ ತೆಗೆಯುವ ಹೊತ್ತಿಗೆ ಸರಿಯಾಗಿ ಆಫ್ ಆಗುವುದು ಇದಕ್ಕೇ.

ಕಾವಲಿಗೂ ಬ್ಯಾಟರಿಗೂ ಇರುವ ವ್ಯತ್ಯಾಸದಲ್ಲೇ ಬ್ಯಾಟರಿಯ ಮುಪ್ಪು ಇದೆ. ಪೊರೆ ಕಿತ್ತುಹೋದ ಕಾವಲಿಗೆ ಡಬ್ಬಿಯಿಂದ ಇನ್ನಷ್ಟು ಎಣ್ಣೆ ಹಚ್ಚಬಹುದು. ಬೆಸೆದು ಮುಚ್ಚಿದ ಬ್ಯಾಟರಿಗೆ ಹೊರಗಿನಿಂದ ಒಂದು ಹನಿ ದ್ರವವನ್ನಾಗಲೀ ಒಂದು ಚಿಟಿಕೆ ಲಿಥಿಯಮ್ಮನ್ನಾಗಲೀ ಸೇರಿಸುವಂತಿಲ್ಲ.

ಸಾವಿರಕ್ಕೆ ಒಂದು ಎಂದರೆ ಎಷ್ಟು

ಹೋದ ಲಿಥಿಯಮ್ಮಿನಲ್ಲಿ ಸಾವಿರಕ್ಕೆ 999 ವಾಪಸ್ ಬರುತ್ತದೆ ಎಂದರೆ ಯಾರಿಗಾದರೂ ಒಳ್ಳೆಯ ಬ್ಯಾಟರಿ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಪ್ರತಿ ಚಾರ್ಜಿಗೂ ಸಾವಿರಕ್ಕೆ ಒಂದರಂತೆ ಕಳೆಯುತ್ತ ಹೋದರೆ, ಸಾವಿರ ಚಾರ್ಜ್ ಮುಗಿಯುವ ಹೊತ್ತಿಗೆ ಉಳಿಯುವುದು ಶೇ. 37. ಹತ್ತು ಸಾವಿರಕ್ಕೆ ಒಂದರಂತೆ ಕಳೆದರೆ ಶೇ. 90 ಉಳಿಯುತ್ತದೆ. ಒಳ್ಳೆಯ ಬ್ಯಾಟರಿಗೂ ಕೆಟ್ಟ ಬ್ಯಾಟರಿಗೂ ನಡುವೆ ಇರುವುದು ಇಷ್ಟು ಸೂಕ್ಷ್ಮವಾದ ಅಂತರ. ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಜೆಫ್ ಡಾನ್ ಅವರ ತಂಡ ಈ ಅಂತರವನ್ನು ಅಳೆಯಲೆಂದೇ ಅತಿ ನಿಖರವಾದ ಯಂತ್ರಗಳನ್ನು ಕಟ್ಟಿತು. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆಂದು ತಿಳಿಯಲು ಅಷ್ಟು ವರ್ಷ ಕಾಯಬೇಕಿಲ್ಲ, ಕೆಲವು ವಾರಗಳ ಸೂಕ್ಷ್ಮ ಅಳತೆಯಲ್ಲೇ ಅಂದಾಜು ಸಿಗುತ್ತದೆ.

ಆ ತಂಡ ದ್ರವಕ್ಕೆ ಬೆರೆಸುವ ರಾಸಾಯನಿಕಗಳನ್ನೂ ವರ್ಷಗಟ್ಟಲೆ ಪರೀಕ್ಷಿಸಿತು. ನೂರಕ್ಕೆ ಒಂದೆರಡು ಪಾಲು ಬೆರೆಸಿದರೆ ಸಾಕು, ದ್ರವಕ್ಕಿಂತ ಮೊದಲು ಇವೇ ಒಡೆದು ಇನ್ನೂ ಬಿಗಿಯಾದ ಪೊರೆ ಕಟ್ಟುತ್ತವೆ. ವಿನೈಲೀನ್ ಕಾರ್ಬೊನೇಟ್ ಅಂಥದ್ದೊಂದು. ಕಾರುಗಳಿಗೆ ಹಾಕುವ ಬಗೆಯ ಬ್ಯಾಟರಿಯೊಂದು 16 ಲಕ್ಷ ಕಿಲೋಮೀಟರ್ ಓಡಿಸುವಷ್ಟು ಬಾಳಬಲ್ಲದು ಎಂದು 2019ರಲ್ಲಿ ಅವರು ಪ್ರಕಟಿಸಿದ ಅಂದಾಜಿನ ಹಿಂದೆ ಇಂಥ ಬೆರಕೆಗಳ ಪಾಲೂ ಇದೆ.

ಇನ್ನು 100 ಎಂದು ತೋರಿಸುವ ಫೋನಿನ ಮಾತು. ಅದು ಸುಳ್ಳು ಹೇಳುತ್ತಿಲ್ಲ. ಈಗ ಉಳಿದಿರುವಷ್ಟರಲ್ಲಿ ಪೂರ್ತಿ ತುಂಬಿದೆ ಎಂದಷ್ಟೇ ಅದರ ಅರ್ಥ. ಹೊಸದರಲ್ಲಿ 5000 ಎಂಎಎಚ್ ಇದ್ದ ಬ್ಯಾಟರಿ ಈಗ 4000ಕ್ಕೆ ಇಳಿದಿದ್ದರೂ ಆ 4000ವೇ ಅದರ ನೂರು. ಐರೋಪ್ಯ ಒಕ್ಕೂಟದಲ್ಲಿ ಮಾರುವ ಫೋನುಗಳ ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಮೊದಲಿನ ಶೇ. 80ರಷ್ಟನ್ನು ಹಿಡಿಯಬೇಕು ಎಂಬ ನಿಯಮ 2025ರ ಜೂನ್‌ನಿಂದ ಜಾರಿಯಲ್ಲಿದೆ. ನಮ್ಮಲ್ಲೂ ಇಂಥದ್ದೊಂದು ಬೇಕು. ಫೋನು ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಅಂಗಡಿಯ ಗೋಡೆಯ ಮೇಲೇ ಬರೆದಿರುತ್ತದೆ, ಬ್ಯಾಟರಿ ಎಷ್ಟು ಚಾರ್ಜ್ ತಾಳುತ್ತದೆಂಬುದನ್ನು ಹುಡುಕಿದರೂ ಸಿಗುವುದಿಲ್ಲ.

ರಾಯಚೂರಿನ ಬಿಸಿಲು, ಲಡಾಖಿನ ಚಳಿ

ಪೊರೆ ಬೆಳೆಯುವುದು ಒಂದು ರಾಸಾಯನಿಕ ಕ್ರಿಯೆ, ಬಿಸಿಯಾದಷ್ಟೂ ಬೇಗ ನಡೆಯುತ್ತದೆ. ಬ್ಯಾಟರಿ ತುಂಬಿದಷ್ಟೂ ಗ್ರಾಫೈಟಿನ ಉಗ್ರತೆ ಹೆಚ್ಚು, ಆಕ್ಸೈಡ್ ಬದಿಯಲ್ಲೂ ದ್ರವಕ್ಕೆ ಹಿಂಸೆ ಹೆಚ್ಚು. ಎರಡೂ ಒಟ್ಟಿಗೆ ಸೇರಿದರೆ ಏನಾಗುತ್ತದೆಂಬುದಕ್ಕೆ ಬ್ಯಾಟರಿ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವ ಒಂದು ಪಟ್ಟಿ ಇದೆ. 25 ಡಿಗ್ರಿಯಲ್ಲಿ, ಶೇ. 40 ಚಾರ್ಜಿನಲ್ಲಿ ಒಂದು ವರ್ಷ ಸುಮ್ಮನಿಟ್ಟ ಬ್ಯಾಟರಿ ತನ್ನ ಸಾಮರ್ಥ್ಯದ ಸುಮಾರು ಶೇ. 96 ಉಳಿಸಿಕೊಳ್ಳುತ್ತದೆ. 40 ಡಿಗ್ರಿಯಲ್ಲಿ ಪೂರ್ತಿ ತುಂಬಿಸಿ ಇಟ್ಟದ್ದಕ್ಕೆ ಉಳಿಯುವುದು ಶೇ. 65. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ 40 ಡಿಗ್ರಿ ನೆರಳಿನಲ್ಲೇ ಇರುತ್ತದೆ. ಅಲ್ಲಿಯ ಫೋನುಗಳಿಗೆ ಮುಪ್ಪು ಬೇಗ ಬರುವುದರಲ್ಲಿ ಆಶ್ಚರ್ಯವಿಲ್ಲ.

ಪ್ರವಾಸದಲ್ಲಿ ನಾವು ಫೋನಿಗೆ ಕೊಡುವ ಶಿಕ್ಷೆ ಇದಕ್ಕೂ ಮೀರಿದ್ದು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಸಿಕ್ಕಿಸಿದ ಫೋನು, ಎದುರಿನ ಗಾಜಿನಿಂದ ನೇರ ಬಿಸಿಲು, ಮ್ಯಾಪ್ ಓಡುತ್ತಿರುವುದರಿಂದ ಪರದೆ ಪೂರ್ತಿ ಬೆಳಕಿನಲ್ಲಿ, ಜೊತೆಗೆ ಚಾರ್ಜರ್. ಬ್ಯಾಟರಿ ನೂರರಲ್ಲಿ ನಿಂತಿದೆ, ಮುಟ್ಟಿದರೆ ಕೈ ಸುಡುತ್ತದೆ. ಹಾಸನದಿಂದ ಸಕಲೇಶಪುರ ದಾಟಿ ಘಾಟಿ ಇಳಿಯುವಷ್ಟು ಹೊತ್ತು ಹೀಗಿದ್ದರೆ ಅದು ತಣ್ಣಗಿನ ಕೋಣೆಯಲ್ಲಿ ಎಷ್ಟೋ ಪಟ್ಟು ಹೆಚ್ಚು ಹೊತ್ತು ಕಳೆದದ್ದಕ್ಕೆ ಸಮ. ಏಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹಿಡಿಕೆ ಕೊಂಡರೆ ಈ ಕಷ್ಟದ ಬಹುಪಾಲು ತಪ್ಪುತ್ತದೆ.

ಚಳಿಯ ಕಥೆ ಬೇರೆ. ಬೈಕಿನಲ್ಲಿ ಲಡಾಖಿಗೆ ಹೋದವರೆಲ್ಲ ಹೇಳುತ್ತಾರೆ, ಖರ್ದುಂಗ್ ಲಾ ಹತ್ತಿರ ಫೋನು ಶೇ. 40 ಇದ್ದದ್ದು ಇದ್ದ ಹಾಗೇ ಆರಿಹೋಯಿತು ಎಂದು. ಶೀತಕ್ಕೆ ದ್ರವ ಮಂದವಾಗುತ್ತದೆ, ಅಯಾನುಗಳ ನಡಿಗೆ ನಿಧಾನವಾಗುತ್ತದೆ, ಅಷ್ಟೇ. ಏನೂ ಕಳೆದಿರುವುದಿಲ್ಲ. ಜರ್ಕಿನ್ನಿನ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡರೆ ಹೋದ ಚಾರ್ಜ್ ತಿರುಗಿ ಬರುತ್ತದೆ. ಮೈ ಕೊರೆಯುವ ಚಳಿಯಲ್ಲಿ ಚಾರ್ಜ್ ಮಾಡುವುದು ಮಾತ್ರ ಅಪಾಯ. ಗ್ರಾಫೈಟಿನ ಸಂದಿಗೆ ಇಳಿಯಲು ಪುರುಸೊತ್ತಿಲ್ಲದ ಲಿಥಿಯಂ ಅದರ ಮೈಮೇಲೇ ಲೋಹವಾಗಿ ಕೂರುತ್ತದೆ. ವಿಟಿಂಗ್‌ಹ್ಯಾಮ್ ಕಾಲದ ಮುಳ್ಳು ಏಳುವುದು ಅಲ್ಲಿಂದಲೇ. ಸೊನ್ನೆ ಡಿಗ್ರಿಗಿಂತ ಕೆಳಗೆ ಅನೇಕ ಫೋನುಗಳು ಚಾರ್ಜ್ ತೆಗೆದುಕೊಳ್ಳಲು ಒಪ್ಪುವುದಿಲ್ಲ, ಆ ಹಟ ಒಳ್ಳೆಯದಕ್ಕೇ.

ಉಬ್ಬಿದ ಬ್ಯಾಟರಿ

ಹಿಂಬದಿಯ ಮುಚ್ಚಳ ತೆಗೆಯಬಹುದಾಗಿದ್ದ ಕಾಲದಲ್ಲಿ ಮೊಬೈಲ್ ರಿಪೇರಿಯವರು ಬ್ಯಾಟರಿಯನ್ನು ಗಾಜಿನ ಕೌಂಟರಿನ ಮೇಲಿಟ್ಟು ಬೆರಳಿನಿಂದ ಒಮ್ಮೆ ತಿರುಗಿಸುತ್ತಿದ್ದರು. ಚಪ್ಪಟೆಯಾಗಿದ್ದರೆ ಅರ್ಧ ಸುತ್ತಿಗೆ ನಿಂತುಬಿಡುತ್ತಿತ್ತು. ಹೊಟ್ಟೆ ಬಂದಿದ್ದರೆ ಗಿರ್ರನೆ ತಿರುಗುತ್ತಿತ್ತು. ‘ಉಬ್ಬಿದೆ, ಬದಲಾಯಿಸಿ’ ಎಂದು ಹೇಳಲು ಅವರಿಗೆ ಬೇರೆ ಉಪಕರಣ ಬೇಕಿರಲಿಲ್ಲ.

ಉಬ್ಬಿಸುವುದೂ ಅದೇ ಕ್ರಿಯೆ. ದ್ರವ ಒಡೆದಾಗ ಚೂರುಗಳಲ್ಲಿ ಕೆಲವು ಘನವಾಗುತ್ತವೆ, ಕೆಲವು ಅನಿಲವಾಗುತ್ತವೆ: ಎಥಿಲೀನ್, ಕಾರ್ಬನ್ ಡೈಆಕ್ಸೈಡ್ ಇತ್ಯಾದಿ. ಕಾರ್ಖಾನೆಯ ಮೊದಲ ಚಾರ್ಜಿನಲ್ಲೂ ಅನಿಲ ಬರುತ್ತದೆ. ಚೀಲದ ರೂಪದ ಬ್ಯಾಟರಿಗಳಿಗೆ ಪಕ್ಕದಲ್ಲೊಂದು ಖಾಲಿ ಕಿಸೆ ಬಿಟ್ಟಿರುತ್ತಾರೆ. ಅನಿಲ ಅಲ್ಲಿ ಸೇರಿದ ಮೇಲೆ ಅದನ್ನು ಹೊರತೆಗೆದು, ಕಿಸೆಯನ್ನು ಕತ್ತರಿಸಿ ಬೆಸೆಯುತ್ತಾರೆ. ನಮ್ಮ ಕೈಯಲ್ಲಿ ಬಿಸಿಗೆ ಬೆಂದು ಹುಟ್ಟುವ ಅನಿಲಕ್ಕೆ ಅಂಥ ಕಿಸೆ ಇರುವುದಿಲ್ಲ, ಪರದೆಯೇ ಮೇಲೇಳುತ್ತದೆ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸುವುದು, ಸೂಜಿಯಿಂದ ಚುಚ್ಚಿ ಗಾಳಿ ಬಿಡುವುದು ಎರಡೂ ಜೀವಕ್ಕೆ ಕುತ್ತು. ಒಳಗಿನ ಎರಡು ಬದಿಗಳು ಅಲ್ಲಿ ತಾಗಿದರೆ ಮುಂದಿನದು ಬೆಂಕಿಯೇ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಯಾಕೆ

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಎಲ್ಲರಿಗೂ ಬಾಯಿಪಾಠ: ಚೆಕ್-ಇನ್ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇದೆಯೇ? ಇದ್ದರೆ ಅಲ್ಲೇ ಸೂಟ್‌ಕೇಸ್ ಬಿಚ್ಚಿ, ಚಕ್ಕುಲಿ ಡಬ್ಬಿ, ಉಪ್ಪಿನಕಾಯಿಯ ಪೊಟ್ಟಣಗಳ ನಡುವಿನಿಂದ ಅದನ್ನು ಹುಡುಕಿ ತೆಗೆಯಬೇಕು. ಅಪಾಯದ ವಸ್ತುವಾದರೆ ಜನ ಕೂರುವ ಕಡೆಗೇ ಯಾಕೆ ತರಿಸುತ್ತಾರೆ ಎಂದು ಅನೇಕರು ಕೇಳುತ್ತಾರೆ. ಉತ್ತರ ಮತ್ತೆ ಪೊರೆಯಲ್ಲೇ ಇದೆ.

ತಯಾರಿಕೆಯ ದೋಷದಿಂದಲೋ ಏಟು ಬಿದ್ದೋ ಬ್ಯಾಟರಿಯ ಒಂದು ಮೂಲೆ ಬಿಸಿಯಾಗತೊಡಗಿತು ಎನ್ನಿ. ಸುಮಾರು 90 ಡಿಗ್ರಿಗೆ ಕಾಪುಪೊರೆ ಒಡೆಯುತ್ತದೆ. ತುಂಬಿದ ಗ್ರಾಫೈಟ್ ಬೆತ್ತಲಾಗಿ ದ್ರವಕ್ಕೆ ಸಿಕ್ಕುತ್ತದೆ, ಪೊರೆ ಮತ್ತೆ ಕಟ್ಟಲು ನೋಡುತ್ತದೆ, ಆ ಕ್ರಿಯೆಯೇ ಇನ್ನಷ್ಟು ಶಾಖ ಹೊಮ್ಮಿಸುತ್ತದೆ. ಸುಮಾರು 130ಕ್ಕೆ ಪಾಲಿಎಥಿಲೀನಿನ ತಡೆಹಾಳೆ ಕರಗುತ್ತದೆ, ಎರಡು ಬದಿಗಳು ತಾಗುತ್ತವೆ. 200ರ ಆಸುಪಾಸಿನಲ್ಲಿ ಕೋಬಾಲ್ಟ್ ಆಕ್ಸೈಡ್ ತನ್ನೊಳಗಿನ ಆಕ್ಸಿಜನ್ ಬಿಟ್ಟುಕೊಡುತ್ತದೆ. ಉರಿಯುವ ದ್ರವ, ಶಾಖ, ಆಕ್ಸಿಜನ್ ಮೂರೂ ಒಂದೇ ಪೊಟ್ಟಣದಲ್ಲಿ ಸೇರಿದವು. ಇನ್ನು ಹೊರಗಿನ ಗಾಳಿಯ ಹಂಗಿಲ್ಲ.

ವಿಮಾನದ ಹೊಟ್ಟೆಯಲ್ಲಿ ಬೆಂಕಿ ಬಿದ್ದರೆ ಹ್ಯಾಲನ್ ಅನಿಲ ಹಾಯಿಸುತ್ತಾರೆ. ಅದು ಜ್ವಾಲೆಯನ್ನು ತಡೆಯುತ್ತದೆ, ಬ್ಯಾಟರಿಯನ್ನು ತಣಿಸುವುದಿಲ್ಲ. ಒಂದು ಕೋಶ (ಸೆಲ್) ಆರಿದಂತೆ ಕಂಡರೂ ಅದರ ಶಾಖ ಪಕ್ಕದ ಕೋಶದ ಪೊರೆಯನ್ನು ಒಡೆಯುತ್ತದೆ. ಪ್ರಯಾಣಿಕರ ನಡುವೆ ಆದರೆ ಹೊಗೆ ಕೂಡಲೇ ಕಣ್ಣಿಗೆ ಬೀಳುತ್ತದೆ, ಸಿಬ್ಬಂದಿ ನೀರು ಸುರಿದು ತಣಿಸಬಹುದು. ಪ್ರಯಾಣಿಕ ವಿಮಾನಗಳಲ್ಲಿ ಲಿಥಿಯಂ-ಅಯಾನು ಬ್ಯಾಟರಿಗಳನ್ನೇ ಸರಕಾಗಿ ಸಾಗಿಸುವುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2016ರಿಂದ ನಿಷೇಧಿಸಿದೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನವೊಂದರ ತಲೆಮೇಲಿನ ಸಾಮಾನು ಗೂಡಿನಲ್ಲಿ ಬೆಂಕಿ ಕಾಣಿಸಿ ವಿಮಾನ ಸುಟ್ಟುಹೋಯಿತು, ಜನರೆಲ್ಲ ಪಾರಾದರು. ತನಿಖೆ ಪವರ್ ಬ್ಯಾಂಕಿನತ್ತ ಬೆರಳು ತೋರಿಸಿತು. ಅದಾದ ಮೇಲೆ ಕೊರಿಯಾದಲ್ಲಿ ಪವರ್ ಬ್ಯಾಂಕನ್ನು ಗೂಡಿನಲ್ಲೂ ಇಡುವಂತಿಲ್ಲ, ಕಣ್ಣೆದುರಿಗೇ ಇರಬೇಕು.

ಕೈಚೀಲದಲ್ಲಿ ಒಯ್ಯಲು ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕಿನದ್ದು 74, ಅಡ್ಡಿಯಿಲ್ಲ. ಬೆಲೆ ಕಡಿಮೆಯೆಂದು ಬಿಐಎಸ್ ಗುರುತಿಲ್ಲದ್ದನ್ನು ಫುಟ್‌ಪಾತಿನಲ್ಲಿ ಕೊಳ್ಳಬೇಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಒಳಗಿನ ಕೋಶ ಯಾವುದು, ತಡೆಹಾಳೆ ಎಂಥದ್ದು ಎಂದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ.

ಕೋಬಾಲ್ಟಿನ ಬದಲು ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿದರೆ ಆಕ್ಸಿಜನ್ ಸುಲಭಕ್ಕೆ ಬಿಡುಗಡೆಯಾಗುವುದಿಲ್ಲ. 1997ರಲ್ಲಿ ಇದನ್ನು ತೋರಿಸಿಕೊಟ್ಟ ಪ್ರಬಂಧದಲ್ಲಿ ಗುಡ್‌ಇನಫ್ ಹೆಸರಿನ ಜೊತೆ ಎ. ಕೆ. ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ ಅವರ ಹೆಸರುಗಳಿವೆ. ಎಲೆಕ್ಟ್ರಿಕ್ ಬಸ್ಸು, ಕಾರುಗಳಲ್ಲಿ ಈಗ ಈ ಬಗೆಯ ಬ್ಯಾಟರಿ ಬಹಳ ಬಳಕೆಯಲ್ಲಿದೆ. ಅದೇ ತೂಕಕ್ಕೆ ಶಕ್ತಿ ಕಡಿಮೆಯಾದ್ದರಿಂದ ತೆಳ್ಳನೆಯ ಫೋನಿನವರು ಇನ್ನೂ ಕೋಬಾಲ್ಟನ್ನು ಬಿಟ್ಟಿಲ್ಲ.

ಯಾವ ಸಲಹೆ ಉಳಿಯಿತು

ದಿನನಿತ್ಯಕ್ಕೆ ಶೇ. 80ರ ಮಿತಿ ಹಾಕುವ ಸೌಲಭ್ಯ ನಿಮ್ಮ ಫೋನಿನಲ್ಲಿದ್ದರೆ ಹಾಕಿಕೊಳ್ಳಿ. ದೂರದ ಊರಿಗೆ ಹೊರಟ ದಿನ ನೂರಕ್ಕೆ ತುಂಬಿಸಿ ಹೊರಡಿ. ತುಂಬಿಸಿ ತಕ್ಷಣ ಬಳಸಿದರೆ ನಷ್ಟ ಅಲ್ಪ, ತುಂಬಿಸಿ ಬಿಸಿಯಲ್ಲಿ ಇಟ್ಟರೆ ನಷ್ಟ. ರಾತ್ರಿ ಚಾರ್ಜಿಗೆ ಹಾಕುವುದು ತಪ್ಪಲ್ಲ, ದಿಂಬಿನ ಕೆಳಗೆ ಹಾಕುವುದು ತಪ್ಪು. ಬೀರುವಿನಲ್ಲಿ ಇಡುವ ಫೋನನ್ನು ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ಇಡಿ, ಆರು ತಿಂಗಳಿಗೊಮ್ಮೆ ನೋಡಿ. ಸೊನ್ನೆಯಲ್ಲಿ ಇಟ್ಟರೆ ವೋಲ್ಟೇಜ್ ತೀರ ಇಳಿದು ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಅಂಥ ಫೋನು ಮತ್ತೆ ಏಳದಿರಬಹುದು.

ಕೊನೆಗೂ ಬ್ಯಾಟರಿ ಮುಗಿಯಿತು ಎಂದಾಗ ಅದರೊಳಗಿನ ಲಿಥಿಯಂ ಎಲ್ಲಿಗೂ ಹೋಗಿರುವುದಿಲ್ಲ. ಫೋನಿನ ಬ್ಯಾಟರಿಯೊಂದರಲ್ಲಿ ಇರುವುದು ಹೆಚ್ಚೆಂದರೆ ಎರಡು ಗ್ರಾಂ ಆಸುಪಾಸು. ಓಡಾಡುತ್ತಿದ್ದದ್ದರಲ್ಲಿ ಒಂದು ಪಾಲು ಪೊರೆಯಲ್ಲಿ ಸಿಕ್ಕಿಕೊಂಡಿದೆ, ಅಷ್ಟೇ. ಮರುಬಳಕೆ ಘಟಕಗಳಲ್ಲಿ ಬ್ಯಾಟರಿಯನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಕೋಬಾಲ್ಟ್ ಮತ್ತು ಲಿಥಿಯಂ ಎರಡನ್ನೂ ಹೊರತೆಗೆಯುತ್ತಾರೆ. ಭಾರತ ಲಿಥಿಯಮ್ಮಿಗಾಗಿ ಇಂದಿಗೂ ಹೊರದೇಶಗಳ ಕಡೆ ನೋಡುತ್ತಿದೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿರುವ ನಿಕ್ಷೇಪದ ಅಂದಾಜು 1,600 ಟನ್, ಅದಿನ್ನೂ ನೆಲದೊಳಗೇ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಕಸದ ಗಾಡಿಗೆ ಹಾಕಿದರೆ ಅಲ್ಲಿ ಜಜ್ಜಿ ಹೊತ್ತಿಕೊಳ್ಳಬಹುದು. ಅದರ ತುದಿಗಳಿಗೆ ಟೇಪು ಅಂಟಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೋ ಸರ್ವಿಸ್ ಸೆಂಟರಿಗೋ ಕೊಟ್ಟು ಬನ್ನಿ.